ಮನೆ ಖಾರ ಎರಡು ಚಮಚ

ನಮ್ಮ ಕಡೆಯ ಹೆಂಗಸರದೊಂದು ವಾಟ್ಸಾಪ್ ಗುಂಪಿದೆ. ಸಂಜೆಯಾದರೆ ಅಲ್ಲಿ ಒಂದೇ ಮಾತು: ರಾತ್ರಿ ಊಟಕ್ಕೆ ಏನು? ಹಿರೇಕೆರೂರಿನ ದೊಡ್ಡವ್ವ ಪುಂಡಿಪಲ್ಯದ ಫೋಟೋ ಹಾಕುತ್ತಾಳೆ. ತಿಳವಳ್ಳಿಯ ಚಿಗವ್ವ ಹುರುಳಿ ಕಟ್ಟಿನ ಸಾರು ಮಾಡಿ, ಕುದಿಯುವ ಪಾತ್ರೆಯ ವಿಡಿಯೋ ಕಳಿಸುತ್ತಾಳೆ. ನಾನು ಏನನ್ನೂ ಹಾಕುವುದಿಲ್ಲ. ಶಿಗ್ಗಾಂವಿಯ ಕಾಲೇಜೊಂದರಲ್ಲಿ ಪಾಠ ಮಾಡಿ ಬಂದು, ಬಾಡಿಗೆ ಕೋಣೆಯಲ್ಲಿ ಒಬ್ಬಳಿಗಾಗಿ ಮಾಡಿಕೊಳ್ಳುವ ಅಡುಗೆ ಯಾರಿಗೂ ತೋರಿಸುವಂಥದ್ದಲ್ಲ. ಆದರೆ ಬಂದದ್ದನ್ನೆಲ್ಲ ಓದುತ್ತೇನೆ. ವೈನಿ ಬರೆದದ್ದನ್ನು ಎರಡು ಸಲ ಓದುತ್ತೇನೆ.

ವೈನಿ ನನ್ನ ಅಣ್ಣನ ಹೆಂಡತಿ. ಸವಣೂರಿನವಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಮದುವೆಯಾಗಿ ಹಾನಗಲ್ಲಿನ ನಮ್ಮ ಮನೆಗೆ ಬಂದ ಮೇಲೆ ಆ ಗುಂಪಿನಲ್ಲಿ ನಮ್ಮ ಮನೆಯ ಪರವಾಗಿ ಮಾತಾಡುವವಳು ಅವಳೇ. ಒಂದು ಸಂಜೆ ಹೀಗೆ ಬರೆದಳು: ‘ನಮ್ಮ ಅತ್ತಿಯವರ ಮಡಕಿಕಾಳು ಪಲ್ಯ. ಮೊಳಕಿ ಒಡದ ಕಾಳು ಹುರದು ಬೇಸಬೇಕು. ಒಗ್ಗರಣಿಗೆ ಉಳ್ಳಾಗಡ್ಡಿ, ಕರಿಬೇವು. ಮನಿ ಖಾರ ಎರಡು ಚಮಚ. ಕಡೀಕ ಬೆಲ್ಲ ಚೂರು, ಹುಣಸಿಹುಳಿ.’

ಕೆಳಗೆ ಹೊಗಳಿಕೆಯ ಸಾಲು ಬೆಳೆಯಿತು. ‘ನಮ್ಮಕ್ಕನ ಕೈ ಸೊಸಿಗೆ ಬಂದೈತಿ’ ಎಂದು ಚಿಗವ್ವ ಬರೆದದ್ದು ನನಗೆ ನಾಟಿತು. ಅವ್ವ ನನ್ನನ್ನು ಎಂದೂ ಒಲೆಯ ಮುಂದೆ ನಿಲ್ಲಿಸಿಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದರೆ ಸಾಕು, ‘ನೀ ಓದ್ಕೋ ಹೋಗ’ ಎನ್ನುತ್ತಿದ್ದಳು. ಆಗ ಅದನ್ನು ಮುದ್ದು ಎಂದುಕೊಂಡಿದ್ದೆ. ನಾನು ಧಾರವಾಡದಲ್ಲಿ ಪದವಿಯ ಮೇಲೆ ಪದವಿ ಮಾಡುತ್ತಿದ್ದಾಗ, ನನಗೆ ಸಿಗಬೇಕಾದದ್ದನ್ನು ಸಿಗಬೇಕಾದ ಜಾಗದಲ್ಲಿ ನಿಂತು ಬೇರೊಬ್ಬಳು ಪಡೆದುಕೊಂಡಳು ಎಂದು ಆ ಸಂಜೆ ಅನ್ನಿಸಿತು.

ಕೋಣೆಯಲ್ಲಿ ಅದೇ ಪಲ್ಯ ಮಾಡಿದೆ. ಎರಡು ಚಮಚ ಎಂದರೆ ಎರಡೇ ಚಮಚ. ಮೊದಲ ತುತ್ತಿಗೇ ಮನೆ ಬಂತು. ಕಾಳಿನ ಸಿಹಿ, ಹುಳಿ, ಕೊನೆಗೆ ನಾಲಿಗೆಯ ಹಿಂದೆ ಉಳಿಯುವ ಸಣ್ಣ ಕಹಿ. ಸಂತೋಷವಾಗಬೇಕಿತ್ತು. ಆಗಲಿಲ್ಲ. ವೈನಿ ಒಂದಕ್ಷರವೂ ತಪ್ಪಿರಲಿಲ್ಲ.

ಆ ಶನಿವಾರ ಮನೆಗೆ ಹೋದಾಗ ವೈನಿಯೇ ಆ ಪಲ್ಯ ಮಾಡಿ ಬಡಿಸಿದಳು. ರುಚಿಯಾಗಿತ್ತು, ಆದರೆ ಆ ಕಹಿ ಇರಲಿಲ್ಲ. ರೊಟ್ಟಿ ಮುರಿಯುತ್ತ ಒಳಗೊಳಗೇ ಹಿಗ್ಗಿದೆ. ಕಾರಣ ಹೊಳೆಯಲು ಹೊತ್ತು ಬೇಕಾಗಲಿಲ್ಲ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ, ಮಸಾಲೆ ಹುರಿದು, ಪ್ರತಿ ಮನೆಯಲ್ಲೂ ಖಾರ ಕುಟ್ಟುತ್ತಾರೆ. ಈ ವರ್ಷದ್ದನ್ನು ವೈನಿ ಕುಟ್ಟಿದ್ದಳು, ತನ್ನ ತವರಿನ ಅಳತೆಯಲ್ಲಿ ಎಂದುಕೊಂಡೆ. ನನ್ನ ಕೋಣೆಯ ಡಬ್ಬಿಯಲ್ಲಿ ಹೋದ ವರ್ಷದ, ಅವ್ವ ಕುಟ್ಟಿದ ಖಾರ ಇನ್ನೂ ಇತ್ತು. ನಮ್ಮವರೆಲ್ಲ ರೆಸಿಪಿ ಬರೆಯುವಾಗ ‘ಮನಿ ಖಾರ’ ಎಂದಷ್ಟೇ ಬರೆಯುತ್ತಾರೆ. ಯಾವ ಮನೆಯದು ಎಂದು ಯಾರೂ ಬರೆಯುವುದಿಲ್ಲ.

ಮುಂದಿನ ಶನಿವಾರ ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹಾನಗಲ್ಲಿನ ಬಸ್ಸು ಹತ್ತಿದೆ.

‘ಇವತ್ತ ಸಂಜೀ ಅಡಗಿ ನಂದು’ ಎಂದಾಗ ಅವ್ವ ನಕ್ಕಳು. ‘ಏನವಾ, ಕಾಲೇಜ್ ಬಿಟ್ಟು ಖಾನಾವಳಿ ಹಾಕ್ತೀಯೇನ?’

‘ಮಾಡ್ಲಿ ಬಿಡ್ರಿ ಅತ್ತಿ, ನನಗೂ ಒಂದಿನ ಸೂಟಿ ಸಿಗತೈತಿ’ ಎಂದು ವೈನಿ ಒಲೆ ಬಿಟ್ಟು ಪಕ್ಕಕ್ಕೆ ಸರಿದಳು. ಅಷ್ಟು ಸುಲಭವಾಗಿ ಸರಿದದ್ದೂ ನನಗೆ ಹಿಡಿಸಲಿಲ್ಲ. ತನ್ನದೇ ಎಂದು ಗಟ್ಟಿಯಾಗಿ ಗೊತ್ತಿರುವ ಜಾಗವನ್ನು ಮಾತ್ರ ಮನುಷ್ಯರು ಹಾಗೆ ಬಿಟ್ಟುಕೊಡುತ್ತಾರೆ.

ಡಬ್ಬಿಯ ಖಾರವನ್ನೇ ಹಾಕಿ ಪಲ್ಯ ಮಾಡಿದೆ. ಬಡಿಸಿ, ಅವ್ವನ ಮುಖ ನೋಡುತ್ತ ಕುಳಿತೆ.

‘ಚಲೋ ಆಗೇತಿ’ ಎಂದಳು ಅವ್ವ. ‘ಉಪ್ಪ ಒಂದೀಟು ಮುಂದ.’ ಮತ್ತೊಂದು ರೊಟ್ಟಿಗೆ ಕೈಚಾಚಿದಳು. ಅಣ್ಣ ಮೊಬೈಲ್ ನೋಡುತ್ತಲೇ ತಾಟು ಖಾಲಿ ಮಾಡಿದ.

ತುತ್ತು ನಿಲ್ಲಿಸಿದವಳು ವೈನಿ ಒಬ್ಬಳೇ. ತಾಟಿನಿಂದ ಬೆರಳ ತುದಿಯಲ್ಲಿ ಮಸಾಲೆ ತೆಗೆದು ಮತ್ತೆ ನಾಲಿಗೆಗೆ ಹಚ್ಚಿಕೊಂಡಳು.

‘ಇದು ನಾ ಕುಟ್ಟಿದ್ ಖಾರ ಅಲ್ರಿ’ ಎಂದಳು. ‘ಮೆಂತೆ ಕರ್ರಗ ಆಗೂಮಟ ಹುರದಾರ. ಹೌದಲ್ರಿ?’

ಅವಳ ಊಹೆ ತಪ್ಪಾಗಿರಲಿ ಎಂದು ಮನಸ್ಸು ಬಯಸಿತು. ಅವ್ವ ಹೌದೆಂದು ತಲೆಯಾಡಿಸಿದಳು.

‘ಹೋದ ವರ್ಷದ್ದೇನ ಇದು? ಅದಕ್ಕ. ನಮ್ಮತ್ತಿ ಹಂಗ ಹುರೀಬೇಕಂತಿದ್ಲು. ಕಡಿಮಿ ಹುರದ್ರ ಡಬ್ಬಿ ಮೂಸಿ ನೋಡಿ ವಾಪಸ್ ಕೊಡ್ತಿದ್ಲು. ಆಕಿ ಹ್ವಾದ ಮ್ಯಾಲೂ ಕೈ ಹಂಗ ಬಿದ್ದಿತ್ತು.’

‘ಅಂದ್ರ ನಿನಗ ಸೇರತಿದ್ದಿಲ್ಲೇನು?’ ಎಂದು ಕೇಳಿದೆ.

‘ಆ ಕಹಿ ನನಗ ಮೊದಲಿಂದಾನೂ ಆಗೂದಿಲ್ಲ. ಯಾರಿಗೆ ಹೇಳೂದು?’ ಎಂದು ವೈನಿಯ ಕಡೆ ಗೋಣು ತಿರುಗಿಸಿದಳು. ‘ಈಕೀ ಬಂದ ಮ್ಯಾಲ ಕೇಳಿದ್ಲು ನೋಡು, ಅತ್ತಿ ನಿಮಗ ಹೆಂಗ ಬೇಕ್ರಿ ಅಂತ. ಅಲ್ಲೀತನಾ ಯಾರೂ ಕೇಳಿದ್ದಿಲ್ಲ.’

ನಾನೂ ಕೇಳಿರಲಿಲ್ಲ. ಅವ್ವನ ರುಚಿ ಎಂದು ಇಷ್ಟು ವರ್ಷ ನಾನು ನಾಲಿಗೆಯಲ್ಲಿ ಇಟ್ಟುಕೊಂಡಿದ್ದು ಅಜ್ಜಿಯ ಹಟವಾಗಿತ್ತು. ಅವ್ವನಿಗೆ ನಿಜವಾಗಿ ಬೇಕಾದ ರುಚಿ ವೈನಿಯ ಕೈಯಲ್ಲಿತ್ತು. ಹೊಟ್ಟೆಕಿಚ್ಚಿಗೆ ಇದ್ದ ಒಂದೇ ಒಂದು ಸಮಾಧಾನವೂ ಹೋಯಿತು: ಅವಳ ಅಡುಗೆಯಲ್ಲಿ ಏನೋ ಕಡಿಮೆ ಇದೆ ಎನ್ನುವುದು.

‘ಮೇಡಮ್ಮಾರಿಗೆ ಕಹೀನ ಬೇಕಲ್ಲ?’ ವೈನಿ ನಗುತ್ತ ಕೇಳಿದಳು. ‘ಮೆಣಸಿನಕಾಯಿ ಇನ್ನೂ ಉಳದಾವ್ರಿ. ನಾಳೆ ಕರ್ರಗ ಹುರದು ನಿಮಗ ಬ್ಯಾರೆ ಕುಟ್ಟಿ ಕೊಡತೇನಿ, ಶಿಗ್ಗಾಂವಿಗೆ ಒಯ್ಯಿರಂತ.’

‘ಬ್ಯಾಡ್ರಿ ವೈನಿ’ ಎಂದೆ. ‘ನಾನ ಹುರಕೋತೇನಿ.’

ಮಾತು ಬಿರುಸಾಯಿತು. ಅವ್ವ ನನ್ನ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಕಬ್ಬಿಣದ ಬಾಣಲೆ ಇಟ್ಟು ಮೆಂತೆ ಹಾಕಿದೆ. ಎಷ್ಟು ಕರಿ ಎಂದರೆ ಕರಿ ಎಂದು ನನಗೆ ಗೊತ್ತಿರಲಿಲ್ಲ. ಮೊದಲ ಹಿಡಿ ಸುಟ್ಟು ಹೊಗೆಯಾಯಿತು. ಕಿಟಕಿಯಿಂದ ಹಿತ್ತಲಿಗೆ ಸುರಿದು ಎರಡನೆಯದನ್ನು ಹಾಕಿದೆ. ವೈನಿ ನೀರಿನ ಕೊಡ ತಂದಿಟ್ಟು, ಹೋಗದೆ, ಬಾಗಿಲಿಗೆ ಆತು ನಿಂತಳು. ಕಾಳು ಕೆಂಪಗಾಗಿ, ಆಮೇಲೆ ಕಾಫಿ ಬಣ್ಣಕ್ಕೆ ತಿರುಗಿತು. ಉರಿ ಆರಿಸಲು ಕೈ ಮುಂದೆ ಮಾಡಿದೆ.

‘ಇನ್ನೊಂದೀಟು ತಡೀರಿ’ ಎಂದಳು.

ತಡೆದೆ. ಕಾಳು ಚಟಚಟ ಎಂದವು. ವಾಸನೆ ಬದಲಾಗಿ ಮೂಗಿನ ತುದಿಗೆ ಅಜ್ಜಿಯ ಖಾರ ಬಂತು.

‘ಹಾಂ, ಈಗ ಇಳಸ್ರಿ.’

ಅವಳು ಹೇಳಿದ್ದು ಸರಿ ಎಂದು ನನಗೂ ತಿಳಿದಿತ್ತು. ಆದರೂ ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಂತು, ನಾನೇ ತೀರ್ಮಾನಿಸಿದವಳಂತೆ ಬಾಣಲೆ ಇಳಿಸಿದೆ.