ಲಂಗದ ಅಂಚಿನ ಹೊಲಿಗೆ

ಕೊರೊನಾ ಕಳೆದ ಮರುವರ್ಷ ನನ್ನನ್ನು ಬೆಂಗಳೂರಿನ ಹೊರಗಿರುವ ಒಂದು ಮಹಿಳಾ ಕಾರಾಗೃಹಕ್ಕೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಎಂದು ನೇಮಿಸಿದರು. ಯಾವ ಕಾರಾಗೃಹ ಎಂದು ಇಲ್ಲಿ ಹೇಳುವುದಿಲ್ಲ. ಈ ಬರಹದಲ್ಲಿ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ. ನನ್ನ ಹುದ್ದೆಯ ಹೆಸರು ಕೇಳಿದವರೆಲ್ಲ "ಅಂದ್ರೆ ಡಾಕ್ಟರಾ?" ಎನ್ನುತ್ತಾರೆ. ಅಲ್ಲ. ಔಷಧಿ ಬರೆಯುವವರು ಮನೋವೈದ್ಯರು. ಆ ಔಷಧಿ ರೋಗಿಯ ಹೊಟ್ಟೆ ಸೇರುವಂತೆ, ರೋಗಿ ಮನೆ ಸೇರುವಂತೆ, ಮನೆಯೇ ಇಲ್ಲದಿದ್ದರೆ ಎಲ್ಲಾದರೂ ಒಂದು ನೆಲೆ ಸೇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಹಾವೇರಿ ಕಡೆಯವಳು, ಮಾತು ಸ್ವಲ್ಪ ಖಾರ. ಈ ಕೆಲಸಕ್ಕೆ ಆ ಖಾರ ಬೇಕಾಗುತ್ತದೆ ಎಂದು ಬೇಗನೆ ತಿಳಿಯಿತು.

ಅಲ್ಲಿ ನನಗೆ ಮೊದಲ ಪಾಠ ಹೇಳಿದವರು ಹೆಡ್ ವಾರ್ಡರ್ ಶಾಂತಮ್ಮ. ಹೆಸರಿಗಷ್ಟೇ ಶಾಂತ. ಗೇಟಿನ ಬೀಗದಿಂದ ಅಡುಗೆಮನೆಯ ಸೌಟಿನವರೆಗೆ ಎಲ್ಲವೂ ಅವರ ಕಣ್ಣಳತೆಯಲ್ಲೇ ಇರಬೇಕು. ಮೊದಲ ಸಂಜೆ ಹೊರಡುವಾಗ ನಾನು ಅಭ್ಯಾಸಬಲದಿಂದ "ಬರ್ತೀನ್ರಿ ಶಾಂತಮ್ಮ" ಎಂದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು.

"ನೀವು ನಾಳೆ ಬರಲೇಬೇಕು ಮೇಡಂ, ನಿಮಗೆ ನಡೆಯುತ್ತೆ. ಆದ್ರೆ ಈ ಹೆಂಗಸರ ಮುಂದೆ ಹಂಗನ್ನಬೇಡಿ. ಬಿಡುಗಡೆ ಆದೋರು ಇಲ್ಲಿ 'ಹೋಗ್ತೀನಿ' ಅಂತಲೇ ಅನ್ನಬೇಕು. 'ಬರ್ತೀನಿ' ಅಂದೋರು ತಿರುಗಿ ಒಳಗೇ ಬರ್ತಾರೆ."

ನಮ್ಮ ಜನ ಹೊರಡುವಾಗ 'ಹೋಗ್ತೀನಿ' ಎನ್ನುವುದಿಲ್ಲ, 'ಹೋಗಿ ಬರ್ತೀನಿ' ಎನ್ನುತ್ತಾರೆ. ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ ಮಾತ್ರ ಹಾಗನ್ನಬಾರದು. ಜೈಲೂ ಆ ಸಾಲಿಗೆ ಸೇರಿದ್ದು ನನಗೆ ಅಂದೇ ಗೊತ್ತಾದದ್ದು. ಆ ಗೇಟಿನಲ್ಲಿ ಶಾಂತಮ್ಮ ಈ ನಿಯಮವನ್ನು ಸರ್ಕಾರಿ ಆದೇಶಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು.

ಅಲ್ಲಿ ನನ್ನ ಕೈಗೆ ಬಂದ ರೋಗಿಗಳಲ್ಲಿ ರತ್ನ ಒಬ್ಬಳು. ಮೂವತ್ತಾರರ ಹೆಂಗಸು. ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೇಲರ್ ಆಗಿದ್ದವಳು. ಗಾರ್ಮೆಂಟ್ಸ್‌ನಲ್ಲಿ ಒಬ್ಬರೇ ಇಡೀ ಅಂಗಿ ಹೊಲಿಯುವುದಿಲ್ಲ. ಒಬ್ಬರು ತೋಳು, ಒಬ್ಬರು ಜೇಬು, ಒಬ್ಬರು ಪಟ್ಟಿ, ಹೀಗೆ ಸಾಲಾಗಿ ಕೆಲಸ ಸಾಗುತ್ತದೆ. ರತ್ನಳದು ಕಾಲರ್. ಅಂಗಿ ಕೊಳ್ಳುವವರ ಕಣ್ಣು ಮೊದಲು ಬೀಳುವುದು ಕಾಲರ್ ಮೇಲೆ, ಹಾಗಾಗಿ ಅದನ್ನು ನುರಿತ ಕೈಗೇ ಕೊಡುತ್ತಾರೆ. ಅವಳು ಯಾವ ಅಪರಾಧಕ್ಕೆ ಒಳಗೆ ಬಂದಳು ಎಂಬುದನ್ನು ನಾನು ಬರೆಯುವುದಿಲ್ಲ. ಕೋರ್ಟು ಅದನ್ನು ವಿಚಾರಿಸಿದೆ, ಅವಳು ಶಿಕ್ಷೆ ಅನುಭವಿಸಿದ್ದಾಳೆ, ಲೆಕ್ಕ ಅಲ್ಲಿಗೆ ಮುಗಿಯಿತು.

ಜೈಲಿಗೆ ಬಂದ ಎರಡನೇ ವರ್ಷ ಅವಳಿಗೆ ದನಿಗಳು ಕೇಳತೊಡಗಿದ್ದವು. ಯಾರೋ ಇಬ್ಬರು ಹೆಂಗಸರು ಹಗಲೂ ರಾತ್ರಿ ಅವಳ ಬಗ್ಗೆಯೇ ಆಡಿಕೊಳ್ಳುತ್ತಿದ್ದರಂತೆ. ನಾವು ಇದನ್ನು ಸೈಕೋಸಿಸ್ ಎನ್ನುತ್ತೇವೆ. ಇಲ್ಲದ್ದು ಇದೆಯೆಂದು ಮನಸ್ಸು ನಂಬಿಬಿಡುವ ಕಾಯಿಲೆ. ಔಷಧಿ ಶುರುವಾದ ಮೇಲೆ ದನಿಗಳು ತಗ್ಗಿದ್ದವು. ನಾನು ಸೇರಿದಾಗ ಅವಳ ಬಿಡುಗಡೆಗೆ ಎಂಟು ತಿಂಗಳು ಉಳಿದಿತ್ತು. ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ. ಇದ್ದ ಒಬ್ಬ ಅಣ್ಣ ಫೋನ್ ನಂಬರನ್ನೇ ಬದಲಿಸಿಕೊಂಡಿದ್ದ.

ಇಂಥವರ ಮುಂದಿನ ದಾರಿ ಸಾಮಾನ್ಯವಾಗಿ ಒಂದೇ. ಕಾಯಿಲೆ ಹತೋಟಿಗೆ ಬಂದಿಲ್ಲ, ಹೊರಗೆ ಯಾರೂ ಇಲ್ಲ ಎಂದಾದರೆ ಬಿಡುಗಡೆಯ ದಿನವೇ ಜೈಲಿನ ವ್ಯಾನಿನಲ್ಲಿ ಮಾನಸಿಕ ಆಸ್ಪತ್ರೆಗೆ, ಅಲ್ಲಿಂದ ಸರ್ಕಾರಿ ಆಶ್ರಯಧಾಮಕ್ಕೆ. ಹಾಗೆ ಹೋದ ಹೆಂಗಸರು ಧಾಮದಲ್ಲೇ ಮುದುಕಿಯರಾದದ್ದನ್ನು ನಾನು ಹಿಂದಿನ ಕೆಲಸದಲ್ಲಿ ಕಂಡಿದ್ದೆ. ರತ್ನ ಗೇಟಿನಿಂದ ತನ್ನ ಕಾಲ ಮೇಲೆ ನಡೆದು ಹೋಗಬೇಕು, ಒಂದು ಬೀಗದಿಂದ ಇನ್ನೊಂದು ಬೀಗಕ್ಕಲ್ಲ ಎಂದು ನಾನು ಹಟ ಹಿಡಿದೆ.

ಜೈಲಿನಲ್ಲಿ ಮನಸ್ಸಿನ ಆರೋಗ್ಯದ ಹೆಸರಲ್ಲಿ ಬರುವ ಅತಿಥಿಗಳಿಗೆ ಬರವಿಲ್ಲ. ಬಂದು ಬಾಳೆಹಣ್ಣು ಹಂಚುತ್ತಾರೆ, 'ಸದಾ ನಗುನಗುತ್ತಾ ಇರಿ' ಎಂದು ಭಾಷಣ ಮಾಡುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನಮ್ಮ ನಿಜವಾದ ಕಾರ್ಯಕ್ರಮ ಮೂರೇ ಕಾಲಿನದು. ಹದಿನೈದು ದಿನಕ್ಕೊಮ್ಮೆ ಬರುವ ಮನೋವೈದ್ಯರು, ವಾರಕ್ಕೆ ಎರಡು ಸಲ ಹೆಂಗಸರನ್ನು ವೃತ್ತವಾಗಿ ಕೂರಿಸಿ ನಾನು ನಡೆಸುತ್ತಿದ್ದ ಮಾತುಕತೆ, ಮತ್ತು ಶಾಲಾ ಸಮವಸ್ತ್ರ ಹೊಲಿಯುವ ಹೊಲಿಗೆ ಘಟಕ. ಬೆಳಿಗ್ಗೆ ಸಂಜೆ ಶಾಂತಮ್ಮನ ಎದುರೇ ಮಾತ್ರೆ ನುಂಗಬೇಕು. "ಬಾಯಿ ತೆರಿ, ನಾಲಿಗೆ ಎತ್ತು" ಎಂದು ನೋಡಿಯೇ ಅವರು ಮುಂದಿನವಳನ್ನು ಕರೆಯುತ್ತಿದ್ದರು. ಆದರೂ ರತ್ನಳಿಗೆ ದನಿಗಳು ಮತ್ತೆ ಕೇಳತೊಡಗಿವೆ ಎಂದು ನನಗೆ ಅನುಮಾನ ಬಂತು. ಗುಂಪಿನಲ್ಲಿ ಕೂತಿದ್ದಾಗ ಅವಳು ನನ್ನ ಮಾತಿಗಲ್ಲ, ಗೋಡೆಯ ಕಡೆಗೆ ತಲೆಯಾಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಶಾಂತಮ್ಮ ದಡಬಡಿಸಿ ನನ್ನ ಕೋಣೆಗೆ ಬಂದರು. ಕೈಯಲ್ಲಿ ರತ್ನಳ ಲಂಗ. ಒಗೆದು ಹರವಿದ್ದ ಬಟ್ಟೆಗಳ ತಪಾಸಣೆ ಮಾಡುವಾಗ ಇದರ ಅಂಚು ಭಾರ ಅನ್ನಿಸಿತಂತೆ. ಅಂಚಿನ ಮಡಿಕೆಯೊಳಗೆ ಪ್ಲಾಸ್ಟಿಕ್ ಚೂರಿನಲ್ಲಿ ಸುತ್ತಿದ ಮಾತ್ರೆಗಳು ಸಾಲಾಗಿ ಕೂತಿದ್ದವು. ದವಡೆಯ ಸಂದಿಯಲ್ಲಿ ಅಡಗಿಸಿಕೊಂಡು ಬಂದು, ಒಂದೊಂದನ್ನೇ ಇಟ್ಟು ಹೊಲಿದಿದ್ದಳು.

"ಒಂದೇ ಸಲಕ್ಕೆ ನುಂಗಿ ಸಾಯೋಕೆ ಕೂಡಿಟ್ಟವಳೆ ಮೇಡಂ. ನನ್ನ ಕಣ್ಣಿಗೇ ಮಣ್ಣೆರಚಿದ್ಲಲ್ಲ!" ಶಾಂತಮ್ಮನಿಗೆ ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿತ್ತು.

ಸೂಪರಿಂಟೆಂಡೆಂಟ್ ಮೇಡಂಗೂ ಅದೇ ಭಯ. ಆತ್ಮಹತ್ಯೆಯ ಯತ್ನವೆಂದರೆ ಇಡೀ ಕಾರಾಗೃಹಕ್ಕೆ ವಿಚಾರಣೆ. ರತ್ನಳನ್ನು ಕೂಡಲೇ ಒಂಟಿ ಕೋಣೆಗೆ ಹಾಕಿ, ಮಾನಸಿಕ ಆಸ್ಪತ್ರೆಗೆ ಕಳಿಸಲು ಬರೆಯಬೇಕೆಂದರು. ಅಲ್ಲಿಗೆ ಹೋದರೆ ಬಿಡುಗಡೆಯ ದಿನಕ್ಕೆ ಅವಳು ಆಸ್ಪತ್ರೆಯಲ್ಲೇ ಇರುತ್ತಾಳೆ, ಆಮೇಲೆ ಆಶ್ರಯಧಾಮವೇ ಗತಿ. ಅವಳೊಂದಿಗೆ ಮಾತಾಡಲು ಒಂದು ದಿನ ಕೊಡಿ ಎಂದು ನಾನು ಕೇಳಿಕೊಂಡೆ. ಒಬ್ಬ ವಾರ್ಡರ್ ಸದಾ ಜೊತೆಗಿರಬೇಕೆಂಬ ಷರತ್ತಿನ ಮೇಲೆ ಒಪ್ಪಿದರು.

ಆ ಲಂಗವನ್ನು ಮೇಜಿನ ಮೇಲೆ ಹರವಿ ಬಹಳ ಹೊತ್ತು ನೋಡಿದೆ. ನಮ್ಮವ್ವ ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದವಳು. ಹೊಲಿಗೆ ನೋಡುವ ಚಾಳಿ ನನಗೆ ಅವಳಿಂದ ಬಂದದ್ದು. ಅಂಚಿನ ಒಂದು ತುದಿಯಲ್ಲಿ ಹೊಲಿಗೆ ಸೊಟ್ಟಸೊಟ್ಟ, ಮಕ್ಕಳು ಹಾಕಿದಂತಿತ್ತು. ಮುಂದೆ ಹೋದಂತೆ ಸುಧಾರಿಸುತ್ತಾ ಹೋಗಿ, ಕೊನೆಗೆ ಗೆರೆ ಎಳೆದಷ್ಟು ನೇರವಾಗಿತ್ತು. ಎರಡೂ ಒಂದೇ ಕೈಯ ಕೆಲಸ. ನಡುವೆ ಆ ಕೈಗೆ ಏನೋ ಆಗಿದೆ ಎನ್ನಿಸಿ ಅವಳನ್ನು ಕರೆಸಿದೆ.

"ಯಾಕವ್ವಾ ರತ್ನಾ, ಗುಳಿಗಿ ತಗೊಳ್ಳಾಕ ಏನ್ ತ್ರಾಸು? ಸಾಯಬೇಕು ಅನ್ನಸ್ತದೇನು?"

ಅವಳು ಗಾಬರಿಯಾದಳು. "ಸಾಯೋದಾ? ನಾನ್ಯಾಕೆ ಸಾಯ್ಲಿ ಮೇಡಂ? ಎಸೆದ್ರೆ ಚರಂಡೀಲಿ ಶಾಂತಕ್ಕಂಗೆ ಸಿಗುತ್ತೆ ಅಂತ ಒಳಗಿಟ್ಟೆ." ಆಮೇಲೆ ಎರಡೂ ಕೈ ಮುಂದೆ ಚಾಚಿದಳು. "ಮಾತ್ರೆ ನುಂಗಿದ್ರೆ ಇವು ನಡುಗ್ತವೆ. ಕಾಲರ್ ಸೊಟ್ಟ ಬಂತು ಅಂತ ಮೆಷಿನ್‌ನಿಂದ ಎಬ್ಬಿಸಿ ಗುಂಡಿ ಹಚ್ಚೋಕೆ ಕೂರಿಸಿದ್ರು. ಆ ಹೆಂಗಸರು ಕಿವೀಲಿ ಏನಾದ್ರೂ ಬೊಗಳಿಕೊಳ್ಳಲಿ, ತಡ್ಕೊತೀನಿ. ಕೈ ಹೋದ್ರೆ ಹೊರಗೆ ಹೋಗಿ ಏನ್ ಮಾಡ್ಲಿ ಮೇಡಂ?"

ಅಂಚಿನ ಹೊಲಿಗೆ ಬರಬರುತ್ತಾ ನೇರವಾದದ್ದು ಯಾಕೆಂದು ಈಗ ತಿಳಿಯಿತು, ಮಾತ್ರೆ ಬಿಟ್ಟಂತೆಲ್ಲ ಕೈ ಸ್ಥಿರವಾಗಿತ್ತು. ನಾವೆಲ್ಲ ಸಾವಿನ ತಯಾರಿ ಎಂದುಕೊಂಡದ್ದು ಅವಳ ಬದುಕಿನ ತಯಾರಿಯಾಗಿತ್ತು. ಕೆಲವು ಆಂಟಿಸೈಕೋಟಿಕ್ ಔಷಧಿಗಳು ಕೈನಡುಕ ತರುತ್ತವೆ. ಅದು ಪಠ್ಯಪುಸ್ತಕದಲ್ಲೇ ಇದೆ. ಆದರೆ ವೈದ್ಯರು ಬಂದ ದಿನ ಸಾಲಿನಲ್ಲಿ ನಿಂತ ಕೈದಿ ಕೈ ಕಟ್ಟಿಕೊಂಡಿರಬೇಕೆಂಬುದು ಜೈಲಿನ ಶಿಸ್ತು. ಕಟ್ಟಿದ ಕೈಯ ನಡುಕ ಯಾವ ವೈದ್ಯರಿಗೂ ಕಾಣುವುದಿಲ್ಲ.

ಮನೋವೈದ್ಯರು ಬರುವವರೆಗೆ ಕಾಯಲು ಸೂಪರಿಂಟೆಂಡೆಂಟ್ ಮೇಡಂ ಅವರನ್ನು ಒಪ್ಪಿಸಿದೆ. ವೈದ್ಯರು ಬಂದಾಗ ಲಂಗವನ್ನೂ ರತ್ನಳನ್ನೂ ಒಟ್ಟಿಗೆ ಅವರ ಮುಂದೆ ನಿಲ್ಲಿಸಿದೆ. ಒಳ್ಳೆಯ ಡಾಕ್ಟರು, ಬೇಗ ಅರ್ಥ ಮಾಡಿಕೊಂಡರು. ನಡುಕ ಕಡಿಮೆ ತರುವ ಬೇರೆ ಔಷಧಿ ಬರೆದು, ಸಣ್ಣ ಡೋಸ್‌ನಿಂದ ಶುರುಮಾಡಿ ನಿಧಾನ ಏರಿಸೋಣ ಎಂದರು. ಅವರ ಅಭಿಪ್ರಾಯ ಓದಿದ ಮೇಲೆ ಸೂಪರಿಂಟೆಂಡೆಂಟ್ ಮೇಡಂ ಆಸ್ಪತ್ರೆಯ ಮಾತು ಕೈಬಿಟ್ಟರು. ರತ್ನಳೊಂದಿಗೆ ನಾನು ಒಂದು ಒಪ್ಪಂದ ಮಾಡಿಕೊಂಡೆ. ಕೈ ನಡುಗಿದರೆ ಮಾತ್ರೆ ಅಡಗಿಸಬಾರದು, ನನಗೆ ಹೇಳಬೇಕು; ಹೇಳಿದರೆ ನಾನು ಬೈಯುವುದಿಲ್ಲ. ದನಿಗಳು ಹಿಂದೆ ಸರಿಯಲು ಎರಡು ತಿಂಗಳು ಹಿಡಿಯಿತು. ಕೈ ಮಾತ್ರ ಸ್ಥಿರವಾಗಿಯೇ ಉಳಿಯಿತು. ಅವಳು ಮತ್ತೆ ಮೆಷಿನ್ ಮುಂದೆ ಕೂತ ದಿನ ಶಾಂತಮ್ಮ ಯಾರಿಗೂ ಕಾಣದಂತೆ ಅವಳ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದ್ದನ್ನು ನಾನು ಕಂಡೆ.

ಉಳಿದದ್ದು ಹೊರಗಿನ ನೆಲೆ. ಮಾಕಳಿಯ ಹತ್ತಿರ ಮುನಿರಾಜು ಎಂಬವರ ಸಣ್ಣ ಗಾರ್ಮೆಂಟ್ಸ್ ಶೆಡ್ ಇತ್ತು. ಅದೇ ಊರಿನ ಮೂಲ ಒಕ್ಕಲಿನವರು. ಹೊಲ ಇದ್ದಲ್ಲಿ ಈಗ ಶೆಡ್, ಪಕ್ಕದಲ್ಲಿ ಬಾಡಿಗೆ ಮನೆಗಳ ವಠಾರ. ಅವರ ಮುಂದೆ ಹೋಗಿ ಕೂತೆ. ರತ್ನಳ ಒಪ್ಪಿಗೆ ಪಡೆದೇ ಎಲ್ಲವನ್ನೂ ಹೇಳಿದೆ.

"ಜೈಲಿಂದ ಬಂದೋಳು ಅಂದ್ರೆ ಪರವಾಗಿಲ್ಲ ಮೇಡಂ, ಏನೋ ಗಾಚಾರ. ತಲೆ ಕೆಟ್ಟಿರೋಳು ಅಂದ್ರೆ ಎಂಗೆ? ಕೈಗೆ ಕತ್ರಿ ಕೊಡಬೇಕಲ್ಲ?"

ಮೇಜಿನ ಮೇಲೆ ಅವರ ಮಾತ್ರೆಯ ಡಬ್ಬಿ ಕಂಡಿತು. "ಇದೇನ್ರಿ?" ಎಂದೆ.

"ಬಿಪಿದು."

"ದಿನಾ ತಗೋತೀರೇನು? ಮರೆತರ?"

"ಎಲ್ಲಿ ಮರೆಯೋಕ್ ಬಿಡ್ತಾಳೆ! ನಮ್ಮನೆಯವಳು ಬೈದೂ ಬೈದೂ ಕೊಡ್ತಾಳೆ."

"ರತ್ನಾಗ ಬೈಯೋರು ಯಾರೂ ಇಲ್ರಿ. ನಿಮಗೂ ಆಕಿಗೂ ಅಷ್ಟ ಫರಕು."

ಮುನಿರಾಜು ನಕ್ಕರು, ಆದರೆ ಒಪ್ಪಲಿಲ್ಲ. ಪೀಣ್ಯದ ಕಡೆ ಯಾವ ಟೇಲರನ್ನೂ ಬಾಯಿಮಾತಿನ ಮೇಲೆ ತೆಗೆದುಕೊಳ್ಳುವುದಿಲ್ಲ. ಗೇಟಿನಲ್ಲೇ ಮೆಷಿನ್ ಮುಂದೆ ಕೂರಿಸಿ ಒಂದು ತುಂಡು ಹೊಲಿಸುತ್ತಾರೆ. ಅದಕ್ಕೆ ಟ್ರಯಲ್ ಎನ್ನುತ್ತಾರೆ. "ಟ್ರಯಲ್ ಕೊಡ್ಲಿ, ನೋಡೋಣ" ಎಂದರು. ಅವಳು ಹೊರಗೆ ಬರುವ ಹಾಗಿಲ್ಲ, ನೀವೇ ಒಳಗೆ ಬನ್ನಿ ಎಂದೆ. ಅನುಮತಿ ಕೊಡಿಸಲು ನಾನು ಎಷ್ಟು ಮೇಜು ಸುತ್ತಿದೆ ಎಂದು ಬರೆದರೆ ಅದೇ ಇನ್ನೊಂದು ಲೇಖನವಾಗುತ್ತದೆ.

ಮುನಿರಾಜು ಬಂದ ದಿನ ಹೊಲಿಗೆ ಘಟಕದ ಹೆಂಗಸರೆಲ್ಲ ತಮ್ಮ ಮೆಷಿನ್ ನಿಲ್ಲಿಸಿ ಕೂತಿದ್ದರು. ಕತ್ತರಿಸಿದ ಕಾಲರ್ ಬಟ್ಟೆಯನ್ನು ಅವರೇ ತಂದಿದ್ದರು. ರತ್ನ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಮೆಷಿನ್ ಸದ್ದು ಮಾಡಿ ನಿಂತಿತು. ಮುನಿರಾಜು ಕಾಲರನ್ನು ನಡುವೆ ಮಡಿಸಿ, ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು.

"ಈ ಕಡೆ ಒಂದೆಳೆ ಜಾಸ್ತಿ ಬಂದೈತೆ."

ಬಾಗಿಲಲ್ಲಿ ನಿಂತಿದ್ದ ಶಾಂತಮ್ಮ ಅವರನ್ನು ನುಂಗುವಂತೆ ನೋಡಿದರು. ರತ್ನ ಮಾತ್ರ ಕಾಲರನ್ನು ಅವರ ಕೈಯಿಂದ ತೆಗೆದುಕೊಂಡಳು. ತಾನೂ ಬೆಳಕಿಗೆ ಹಿಡಿದು ನೋಡಿ, "ಹೌದು ಸಾರ್" ಎಂದು ಹೊಲಿಗೆ ಬಿಚ್ಚಿ, ಮೊದಲಿನಿಂದ ಹೊಲಿಯತೊಡಗಿದಳು. ಕೈ ಒಮ್ಮೆಯೂ ನಡುಗಲಿಲ್ಲ.

ಮುನಿರಾಜು ಎರಡನೇ ಸಲ ಅಳೆಯಲೇ ಇಲ್ಲ. "ಬಿಚ್ಚಿದ್ಲಲ್ಲ ಮೇಡಂ, ಅಷ್ಟು ಸಾಕು. ನಮ್ ಶೆಡ್ಡಲ್ಲಿ ತಪ್ಪಾದ್ರೆ ಯಾರೂ ಬಿಚ್ಚಲ್ಲ, ಬಂಡಲ್ ಒಳಗೆ ತುರುಕ್ತಾರೆ" ಎಂದರು. ಆಮೇಲೆ ರತ್ನಳ ಕಡೆ ತಿರುಗಿ, "ನೋಡಮ್ಮ, ನಮ್ ವಠಾರದಲ್ಲಿ ಒಂದು ರೂಮು ಖಾಲಿ ಐತೆ. ಮಾತ್ರೆ ಮರೆತ್ರೆ ಬೈಯೋಕೆ ನಮ್ಮನೆಯವಳು ಅವ್ಳೆ" ಎಂದರು. ಕೂತಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಗದ್ದಲ ಮಾಡಬಾರದೆಂಬ ನಿಯಮವನ್ನು ಶಾಂತಮ್ಮ ಅಂದು ಮರೆತರು.

ಬಿಡುಗಡೆಯ ದಿನ ರತ್ನ ಗೇಟಿನಲ್ಲಿ ಕಲಿಸಿಕೊಟ್ಟಂತೆಯೇ "ಹೋಗ್ತೀನಿ ಶಾಂತಕ್ಕ" ಎಂದು, ತಿರುಗಿ ನೋಡದೆ ಹೋದಳು.

ಆಮೇಲೆ ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ದೀಪಾವಳಿಯ ಹೊತ್ತಿಗೆ ದನಿಗಳು ಮರಳಿ ಬಂದವು. ಮುನಿರಾಜು ಅವರ ಹೆಂಡತಿ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಡೋಸ್ ಸರಿಮಾಡಿದರು. ಸ್ವಲ್ಪ ದಿನದ ರಜೆಯ ನಂತರ ರತ್ನ ಅದೇ ಮೆಷಿನ್‌ಗೆ ಮರಳಿದಳು.

ನಾನೀಗ ನಿವೃತ್ತಳು. ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು "ಜೈಲಿನಲ್ಲಿ ಏನು ಸಾಧಿಸಿದ್ರಿ?" ಎಂದು ಕೇಳಿದರೆ ನಾನು ಸಂಕೋಚವಿಲ್ಲದೆ, ಹೆಸರು ಮಾತ್ರ ಬಿಟ್ಟು, ರತ್ನಳ ಸಂಗತಿ ಹೇಳುತ್ತೇನೆ. ಪಾಠ ಹೇಳಲು ಕರೆದಾಗ, ಈ ಕೆಲಸದ ತರಬೇತಿಗೆ ಬರುವ ಹುಡುಗಿಯರಿಗೂ ಅವಳ ಕಥೆಯನ್ನೇ ಹೇಳುತ್ತೇನೆ. ಔಷಧಿ ಬೇಡ ಎನ್ನುವವರನ್ನು 'ಯಾಕೆ ನುಂಗಲ್ಲ' ಎಂದು ಗದರಿಸಬೇಡಿ. ನುಂಗಿದರೆ ನಿನ್ನದೇನು ಹೋಗುತ್ತದೆ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ನನ್ನ ಇಡೀ ನೌಕರಿ ಕಲಿಸಿದ್ದು ಇಷ್ಟೇ.

ನಿವೃತ್ತಿಗೆ ಮೊದಲಿನ ಕೆಲವು ತಿಂಗಳು ನಮ್ಮ ಹೊಲಿಗೆ ಘಟಕಕ್ಕೆ ಭಾನುವಾರಗಳಂದು ಒಬ್ಬ ತರಬೇತುದಾರಳು ಬರತೊಡಗಿದಳು. ಕೊರಳಲ್ಲಿ ಸಂದರ್ಶಕರ ಪಾಸು, ಚೀಲದಲ್ಲಿ ಕಾಲರ್ ಬಟ್ಟೆ. ಹೊಲಿಗೆ ಹೇಳಿಕೊಡುತ್ತಲೇ "ಕೈ ನಡುಗ್ತಿದ್ರೆ ಡಾಕ್ಟರಿಗೆ ತೋರಿಸ್ರೇ, ಕಟ್ಕೊಂಡು ನಿಲ್ಲಬೇಡಿ" ಎನ್ನುತ್ತಿದ್ದಳು. ಮೊದಲ ಭಾನುವಾರ ಪಾಠ ಮುಗಿಸಿ ಹೊರಟವಳು ಗೇಟಿನಲ್ಲಿ ನಿಂತಳು. ನಾನೂ ಜೊತೆಗಿದ್ದೆ.

"ಹೋಗಿ ಬರ್ತೀನಿ ಶಾಂತಕ್ಕ" ಎಂದಳು ರತ್ನ.

ಶಾಂತಮ್ಮ ಬೀಗ ತೆಗೆದರು. "ಹೋಗ್ಬಾರವ್ವ" ಎಂದರು.