ಮುಂದಿನ ಸೀಟಿನ ಜ್ಞಾನ

ಹೋದ ವಾರ ನಮ್ಮ ಬಸ್ಸಿಗೆ ಸಿಕ್ಕಿ ಒಂದು ಟಗರು ಸತ್ತಿತು. ಹೀಗೆ ಬರೆದರೆ ನನ್ನ ಮಿತ್ರ ಪ್ರೊಫೆಸರರು ಒಪ್ಪುವುದಿಲ್ಲ. 'ಸತ್ತಂತೆ ತೋರಿತು' ಎಂದು ಬರೆಯಬೇಕಂತೆ!

ಇವರು ಚಿತ್ರದುರ್ಗದ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳುತ್ತಾರೆ. ಶ್ರೀರಾಂಪುರದಲ್ಲಿ ಮದುವೆ ಊಟ ಮುಗಿಸಿ ಇಬ್ಬರೂ ಹೊಸದುರ್ಗದ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ಬರುವತನಕ ನನಗೆ ಪಾಠ. ನಂಬಿಕೆ ಬೇರೆ, ಜ್ಞಾನ ಬೇರೆ. ಆಧಾರ ಇಲ್ಲದ ನಂಬಿಕೆ ಜ್ಞಾನವಲ್ಲ. ಕರ್ತವ್ಯ ಎನ್ನುವುದು ಲಾಭ ನಷ್ಟ ನೋಡಿ ಮಾಡುವಂಥದ್ದಲ್ಲ. (ಹೋಳಿಗೆ ಉಂಡ ಮೇಲೆ ಇಂಥ ಮಾತು ಹಿತವಾಗಿರುತ್ತದೆ. ನಿದ್ದೆ ಚೆನ್ನಾಗಿ ಹತ್ತುತ್ತದೆ.)

ಬಸ್ಸು ಬಂತು. ನಿಲ್ಲುವ ಮೊದಲೇ ಪ್ರೊಫೆಸರರು ಬೆಲ್‌ಬಾಟಮ್ ಪ್ಯಾಂಟು ಎತ್ತಿ ಹಿಡಿದು ಓಡಿದರು. ಕಿಟಕಿಯೊಳಗೆ ಟವಲ್ ಎಸೆದು ಡ್ರೈವರ್ ಪಕ್ಕದ ಒಂಟಿ ಸೀಟು ಹಿಡಿದೇಬಿಟ್ಟರು. ಟವಲ್ ಯಾರದೋ, ಸೀಟೂ ಅವರದೇ; ನಮ್ಮ ಸೀಮೆಯಲ್ಲಿ ಇದಕ್ಕೆ ಎದುರು ಮಾತಿಲ್ಲ. ನಾನು ಹಿಂದೆ ಮೂಟೆಗಳ ನಡುವೆ ನಿಂತೆ. ಅಲ್ಲಿಂದ ರಸ್ತೆ ಕಾಣುತ್ತಿರಲಿಲ್ಲ.

ಊರು ದಾಟುತ್ತಲೇ ಧಡಾರನೆ ಬ್ರೇಕು. ಇಳಿದು ನೋಡಿದರೆ ಗಾಲಿಯ ಪಕ್ಕ ದೊಡ್ಡ ಟಗರು. ಕುರಿ ಕಾಯುವ ಈರಣ್ಣ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದ. ಡ್ರೈವರ್ ಅವನ ಮೇಲೇ ಎಗರಿದ: "ಕಣ್ಣು ಕಾಣಲ್ವೇನಲೇ? ಬೇಕಂತ್ಲೇ ಅಡ್ಡ ಬಿಟ್ಟೀಯ!"

"ಇಲ್ಲ ಸ್ವಾಮಿ, ಕೈ ಎತ್ತಿ ಕೂಗ್ತಾನೇ ಇದ್ದೆ. ನೀವು ಹಿಂದಕ್ಕೆ ತಿರುಗಿ ಕಂಡಕ್ಟರ್ ಕೂಡ ಮಾತಾಡ್ತಿದ್ರಿ." ಆಮೇಲೆ ಪ್ರೊಫೆಸರರಿಗೆ ಕೈ ಮುಗಿದ. "ಸ್ವಾಮಿ, ನೀವು ಮುಂದೇ ಕುಂತಿದ್ರಿ. ಕಂಡಿದ್ದು ಹೇಳ್ರಿ. ಟಗರು ನಮ್ಮಣ್ಣಂದು ಐತೆ. ನನ್ನ ತಪ್ಪು ಅಂತಾದ್ರೆ ಮಂದೆ ಬಿಡಿಸಿ ಹೊರಗೆ ಹಾಕ್ತಾನೆ."

ಎಲ್ಲರೂ ಪ್ರೊಫೆಸರರನ್ನು ನೋಡಿದರು.

"ನೋಡಪ್ಪ, ಕಂಡಿದ್ದೆಲ್ಲ ಜ್ಞಾನ ಅಲ್ಲ. ಕಣ್ಣು ಮೋಸ ಮಾಡುತ್ತೆ. ಡ್ರೈವರ್ ತಿರುಗಿದ ಅಂತ ನನಗೆ ಅನ್ನಿಸಿರಬಹುದು. ಅನ್ನಿಸಿದ್ದು ಸಾಕ್ಷ್ಯ ಆಗುತ್ತಾ?"

ಆಹಾ! ಪೊಲೀಸು, ಕೋರ್ಟು ಅಂತ ಅಲೆಯಬೇಕಾದೀತೆಂಬ ಪುಕ್ಕಲುತನಕ್ಕೆ ಎಂಥ ಇಸ್ತ್ರಿ ಮಾಡಿದ ಅಂಗಿ! ನನಗೆ ಮೈ ಉರಿಯಿತು. "ಸಾರ್, ತಿರುಗಿದ್ದನೋ ಇಲ್ಲವೋ? ಅಷ್ಟು ಹೇಳಿ" ಎಂದೆ. "ಅದು ಅಷ್ಟು ಸರಳ ಅಲ್ಲ ಕಣ್ರೀ" ಎನ್ನುತ್ತಾ ಕನ್ನಡಕ ಒರೆಸಿಕೊಂಡರು. ಡ್ರೈವರ್ ಬೀಡಿ ಹಚ್ಚಿದ.

ಈರಣ್ಣ ಬಿಡಲಿಲ್ಲ, ಹೊಸದುರ್ಗದ ಪೊಲೀಸ್ ಸ್ಟೇಷನ್ನಿಗೇ ಬರುತ್ತೇನೆಂದ. ಟಗರನ್ನು ಬಸ್ಸಿನ ಮೇಲೆ ಹಾಕಿ, ಒಳಗೆ ಬಂದವನೇ ಕಣ್ಣಿಗೆ ಬಿದ್ದ ಮೊದಲ ಸೀಟಿನಲ್ಲಿ ಕುಸಿದು ಕೂತ.

"ಏಯ್, ಏಳಯ್ಯ ಮೇಲೆ!" ಪ್ರೊಫೆಸರರ ಗಂಟಲು ಈಗ ತೆರೆಯಿತು. "ಅದು ನನ್ನ ಸೀಟು! ಕಣ್ಣಾರೆ ನೋಡಿ ಟವಲ್ ಹಾಕಿದೀನಿ. ಇಡೀ ಬಸ್ಸೇ ಸಾಕ್ಷಿ! ನ್ಯಾಯ ನೀತಿ ಅನ್ನೋದು ಬೇಡವಾ?"

ಈರಣ್ಣ ಎದ್ದ. ಟವಲ್ ಕೊಡವಿ ಸೀಟಿನ ಮೇಲೆ ಹಾಸಿ, ಹಿಂದೆ ಬಂದು ನನ್ನ ಪಕ್ಕ ನಿಂತ.

ಸ್ಟೇಷನ್ನಿನಲ್ಲಿ ಒಂದೇ ಪ್ರಶ್ನೆ: ಕಂಡವರು ಯಾರು? ಅಷ್ಟು ಹೊತ್ತಿಗೆ ಪ್ರೊಫೆಸರರು ದುರ್ಗದ ಬಸ್ಸಿಗೆ ಟವಲ್ ಎಸೆದಾಗಿತ್ತು. ಈರಣ್ಣನ ಅಣ್ಣ ಅವನನ್ನು ಮಂದೆ ಬಿಡಿಸಿ ಹೊರಗೆ ಹಾಕಿದನೆಂದು ನಿನ್ನೆ ಕೇಳಿದೆ.

ಅಲ್ಲ ಸ್ವಾಮಿ, ಟವಲ್ ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣಿಗೆ ಡ್ರೈವರ್ ಒಬ್ಬ ಮಾತ್ರ ಹೇಗೆ ಮಸುಕಾದ?