ಗಂಜಿ ಹಚ್ಚಿದ ಅಟ್ಟೆ

ಸ್ವಲ್ಪ ತಡೆಯಿರಿ, ನನ್ನ ಶೂ ಬಿಚ್ಚಲು ಇಬ್ಬರು ಎಳೆದದ್ದನ್ನು ಕೇಳದೆ ಪುಟ ತಿರುಗಿಸಬೇಡಿ. ಅದು ಕೊನೆಗೆ ಬರುತ್ತದೆ. ಅದಕ್ಕೆ ಮೊದಲು ನನ್ನ ಮೊಣಕಾಲಿನ ವಿಷಯ ಹೇಳಬೇಕು.

ನಮ್ಮದು ತಮಿಳು ಸೀಮೆಯ ಸಿಂಗಾನಲ್ಲೂರಿನ ಹತ್ತಿರ ನೇಯುವವರ ಮನೆ. ಬೀದಿಯಲ್ಲಿ ತಮಿಳು, ಒಳಗೆ ಕನ್ನಡ. ಮಗ್ಗ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯ ಅಂಚಿಗೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯಬೇಕು. ಅಪ್ಪನ ಪಕ್ಕದಲ್ಲಿ ಇನ್ನೊಂದು ಮಗ್ಗ ಖಾಲಿ ಬಿದ್ದಿತ್ತು. ದೀಪಾವಳಿ ಕಳೆದರೆ ಅದಕ್ಕೆ ನಾನು ಎಂದು ಅಪ್ಪ ಹೇಳಿಯಾಗಿತ್ತು. ನನಗೋ ಕೂರುವುದೆಂದರೇ ಆಗದು. ಊಟಕ್ಕೆ ಕೂತರೂ ಮಂಡಿ ಕುಣಿಯುತ್ತದೆ, ತಟ್ಟೆ ಅಲುಗುತ್ತದೆ, ಅವ್ವ ಮಂಡಿಯ ಮೇಲೆ ಒಂದು ಏಟು ಕೊಡುತ್ತಾಳೆ.

ಅಷ್ಟರಲ್ಲಿ ಪೆರಿಯನಾಯಕನಪಾಳ್ಯಂ ಕಡೆಯ ಒಂದು ಮಿಲ್ಲಿನವರು ಓಟದ ತಂಡಕ್ಕೆ ಹುಡುಗರನ್ನು ಆರಿಸುತ್ತಾರೆ, ಆರಿಸಿದವರಿಗೆ ಮಿಲ್ಲಿನಲ್ಲೇ ಕೆಲಸ ಎಂದು ಗೊತ್ತಾಯಿತು. ಆರಿಸಿದರೆ ಹೋಗು, ಇಲ್ಲವಾದರೆ ಮಗ್ಗ, ಆಮೇಲೆ ಮಾತಿಲ್ಲ ಎಂದರು ಅಪ್ಪ. ಅಂದಿನಿಂದ ಬೆಳಗೂ ಸಂಜೆಯೂ ಕೆರೆಯ ಏರಿಯ ಮೇಲೆ ಓಟ. ಓಟ ಹೆಚ್ಚಾದ ಹಾಗೆ ಬಲ ಮೊಣಕಾಲಿನ ಒಳಬದಿ ಹಿಡಿದುಕೊಳ್ಳತೊಡಗಿತು.

ನನಗೆ ಓಟ ಕಲಿಸಿದವರು ಯಾರೂ ಇಲ್ಲ. ಕ್ಯಾನ್ವಾಸ್ ಶೂ ತಿರುಗಿಸಿ ನೋಡಿದೆ. ಹಿಮ್ಮಡಿಯ ಒಳ ಅಂಚು ಮಾತ್ರ ಸವೆದಿತ್ತು. ಅಂದರೆ ಕಾಲು ಒಳಕ್ಕೆ ವಾಲುತ್ತಿದೆ, ಅದರ ಜೊತೆ ಮೊಣಕಾಲೂ ವಾಲುತ್ತಿದೆ. ಅಂಗಾಲಿನ ಕೆಳಗೆ ಏನಾದರೂ ಒತ್ತುಕೊಟ್ಟರೆ ನೆಟ್ಟಗಾದೀತು ಅನ್ನಿಸಿತು. ಉಕ್ಕಡಂ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವರು ಶೂ ಒಳಗೆ ಅಂಗಾಲಿನಡಿ ಇಡುವ ತೊಗಲಿನ ಅಟ್ಟೆ ತೋರಿಸಿದರು. ಆದರೆ ತೊಗಲು ನಮ್ಮ ಮಗ್ಗದ ಮನೆಯೊಳಗೆ ಬರುವಂತಿಲ್ಲ, ಚಪ್ಪಲಿಯೂ ಬೀದಿಬಾಗಿಲಲ್ಲೇ. ನನಗೋ ಒಳಗೆ ಕೂತು ಕತ್ತರಿಸಬೇಕು, ತಿದ್ದಬೇಕು, ಮತ್ತೆ ಹಾಕಿ ನೋಡಬೇಕು. ಹಾಗಾಗಿ ಮನೆಯಲ್ಲಿದ್ದದ್ದರಿಂದಲೇ ಮಾಡಿದೆ: ಹರಿದ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಗಂಜಿ ಹಚ್ಚಿ ಅಂಟಿಸಿ, ಒಣಗಿಸಿ, ಹಲಗೆಯ ಹಾಗೆ ಗಟ್ಟಿಮಾಡುವುದು.

“ನೂಲಿಗೆ ಕಾಸಿದ ಗಂಜಿ ಅದು, ನನ್ ಕಣ್ಣೇ, ನಿನ್ ಬೂಟಿಗಲ್ಲ,” ಎಂದಳು ಅವ್ವ. ಆದರೂ ಒಂದು ಬಟ್ಟಲು ಕೊಟ್ಟಳು.

ಅಂಗಾಲಿನ ಅಚ್ಚು ಬೇಕಿತ್ತು. ಖಾಲಿ ಮಗ್ಗದ ಗುಂಡಿಯ ತಳಕ್ಕೆ ಹಸಿ ಮಣ್ಣು ಹಾಕಿ, ಅಂಚಿಗೆ ಕೂತು, ಕಾಲು ಇಳಿಬಿಟ್ಟು ಮೆತ್ತಗೆ ಒತ್ತಿದೆ. ನಮ್ಮ ಮನೆಯಲ್ಲಿ ಕಾಲಿನ ಕೆಲಸವೆಲ್ಲ ಅಲ್ಲೇ ಅಲ್ಲವೇ, ಬೇರೆ ಜಾಗ ತೋಚಲೇ ಇಲ್ಲ. ಅಚ್ಚು ಬಹಳ ಚೆನ್ನಾಗಿ ಬಂತು, ಅಚ್ಚಿನ ನಡುವೆ ಎತ್ತರದ ದಿಬ್ಬ. ಆ ದಿಬ್ಬಕ್ಕೆ ಸರಿಯಾಗಿ ಬಟ್ಟೆ ಪೇರಿಸಿದೆ.

ಹಾಕಿಕೊಂಡು ಓಡಿದರೆ ಅಂಗಾಲಿನಡಿ ಕಲ್ಲು ಇಟ್ಟ ಹಾಗೆ. ಕಾಲು ಹೊರಕ್ಕೆ ಹೊರಳಿತು. ಒಳಬದಿಯ ನೋವು ಹೊರಬದಿಗೆ ಬಂತು. ಓಟದ ದಿನ ಹತ್ತಿರವಾಗುತ್ತಿತ್ತು, ನಾನು ನಿಂತಲ್ಲಿ ನಿಲ್ಲದೆ ಅಂಗಳದಲ್ಲಿ ಸುತ್ತುತ್ತಿದ್ದೆ.

ಕಾರಣ ಸಿಕ್ಕಿದ್ದು ಸ್ನಾನ ಮಾಡಿ ಬರುವಾಗ. ಸಿಮೆಂಟ್ ನೆಲದ ಮೇಲೆ ನನ್ನ ಒದ್ದೆ ಹೆಜ್ಜೆ ನೋಡಿ ಅವ್ವ ನಕ್ಕಳು. “ಬಾತು ನಡ್ಕೊಂಡ್ ಹೋದಂಗೈತೆ.”

ನಾನು ಬಗ್ಗಿ ನೋಡಿದೆ. ನಡುವೆ ಖಾಲಿಯೇ ಇಲ್ಲ, ಪೂರ್ತಿ ಚಪ್ಪಟೆ. ಅಟ್ಟೆ ತಂದು ಹೆಜ್ಜೆಯ ಮೇಲಿಟ್ಟೆ. ದಿಬ್ಬಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಆಗ ಹೊಳೆಯಿತು: ಗುಂಡಿಯಲ್ಲಿ ಇಳಿಬಿದ್ದ ಕಾಲಿನ ಮೇಲೆ ಮೈಯ ಭಾರವೇ ಇಲ್ಲ. ನಿಂತರೆ ಅದೇ ಅಂಗಾಲು ಇಳಿದು ಹರಡುತ್ತದೆ. ನಾನು ಕೂತವನ ಕಾಲಿಗೆ ಅಟ್ಟೆ ಮಾಡಿದ್ದೆ.

ಇದನ್ನು ಹೇಳಿದಾಗ ಅಪ್ಪ ಲಾಳಿ ನಿಲ್ಲಿಸಲಿಲ್ಲ. “ಅಂಗಾದ್ರೆ ಮಗ್ಗಕ್ಕೆ ಸರಿಯಾಗೈತೆ. ಹಾಕ್ಕೊಂಡ್ ಬಂದು ಕೂರು ಸಾಮಿ.”

ಅಂಗಳದಲ್ಲೇ ಮಣ್ಣು ಕಲಸಿ, ಅದರ ಮೇಲೆ ಎದ್ದು ನಿಂತು ಹೊಸ ಅಚ್ಚು ತೆಗೆದೆ. ಈ ಸಲ ದಿಬ್ಬ ತಗ್ಗು, ಹಿಮ್ಮಡಿಯ ಒಳಬದಿಗೆ ಮಾತ್ರ ಒಂದೆರಡು ಪದರ ಹೆಚ್ಚು. ಹೆಂಚಿನ ಮೇಲೆ ಬಿಸಿಲಿಗಿಟ್ಟೆ. ಪೂರ್ತಿ ಒಣಗಲಿ ಅಂದಳು ಅವ್ವ. ನನಗೆ ತಾಳ್ಮೆ ಎಲ್ಲಿ? ಹಸಿ ಇರುವಾಗಲೇ ಶೂಗೆ ತುರುಕಿಕೊಂಡು ಮರುದಿನ ಬೆಳಗಿನ ಬಸ್ ಹತ್ತಿದೆ.

ಓಟ ಮಿಲ್ಲಿನ ಗೇಟಿನಿಂದ ಮೇಟ್ಟುಪಾಳ್ಯಂ ರಸ್ತೆಯಲ್ಲಿ ಹೋಗಿ ವಾಪಸ್. ನನ್ನ ಗಮನ ಮುಂದಿರುವವರ ಮೇಲಿರಲಿಲ್ಲ, ಮೊಣಕಾಲಿನ ಮೇಲಿತ್ತು. ಈಗ ಬರುತ್ತದೆ, ಈಗ ಹಿಡಿಯುತ್ತದೆ ಎಂದು ಕಾಯುತ್ತ ಓಡಿದೆ. ತಿರುವು ದಾಟಿದರೂ ನೋವು ಬರಲಿಲ್ಲ. ಬದಲಿಗೆ ಶೂ ಒಳಗೆ ಬೆಚ್ಚಗೆ, ಜಿಗುಟು ಜಿಗುಟು. ಬೆವರಿಗೆ ಗಂಜಿ ಕರಗುತ್ತಿತ್ತು. ಜಾರುತ್ತದೇನೋ ಎಂದು ಹೆದರಿದೆ. ಜಾರಲಿಲ್ಲ, ಕಾಲು ಅಟ್ಟೆಗೆ ಅಂಟಿಕೊಂಡಿತು. ಆಗ ಮೊಣಕಾಲು ಮರೆತು ಓಡಿದೆ.

ಆರಿಸಿದವರಲ್ಲಿ ನಾನೇ ಕೊನೆಯವನು. ತಂಡ ನೋಡಿಕೊಳ್ಳುವವರು ಮಿಲ್ಲಿನ ಶೂ ಕೊಡಲು ಕಾಲಿನ ಅಳತೆಗೆ ಕರೆದರು. ನನ್ನ ಶೂ ಕಾಲಿನಿಂದ ಬರಲಿಲ್ಲ. ಇಬ್ಬರು ಹಿಡಿದು ಎಳೆದಾಗ ಕಾಲುಚೀಲ, ಅಟ್ಟೆ, ಶೂ ಎಲ್ಲ ಒಂದೇ ಮುದ್ದೆಯಾಗಿ ಬಂತು. ಅಳತೆಗೆ ಕರೆದವರು ಮೂಸಿ ನೋಡಿ, ಓಡಲು ಬಂದೆಯೋ ದೋಸೆ ಹಿಟ್ಟು ಹುಳಿಬರಿಸಲು ಬಂದೆಯೋ ಎಂದು ತಮಿಳಿನಲ್ಲಿ ಕೇಳಿದರು. ಆದರೂ ಹೆಸರು ತೆಗೆಯಲಿಲ್ಲ.

ಮನೆಗೆ ಬಂದು ಹೇಳಿದೆ. ಅಪ್ಪ ಹಲಗೆ ತುಳಿಯುತ್ತಲೇ, “ಆ ಖಾಲಿ ಮಗ್ಗಕ್ಕೊಂದು ಬಟ್ಟೆ ಹೊದಿಸು, ದೂಳು ಕೂತ್ಕೊಳ್ತದೆ,” ಎಂದರು.

ಹೊದಿಸಿದೆ. ಈಗ ಮಿಲ್ಲಿನ ಶೂ ಇದೆ, ಅದರೊಳಗೆ ಇರುವುದೂ ಬರೀ ಚಪ್ಪಟೆ ಹಾಳೆ, ಒತ್ತು ಇಲ್ಲ. ಬೆವರಿಗೆ ಕರಗದ ಅಂಟು ಇನ್ನೂ ಸಿಕ್ಕಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ನೋಡಿದೆ, ಕಾಲು ಬೆಂದುಹೋಯಿತು. ಓಡುವವರು, ಇಡೀ ದಿನ ನಿಂತೇ ದುಡಿಯುವವರು, ನೀವು ಶೂ ಒಳಗೆ ಏನು ಇಟ್ಟುಕೊಂಡಿರಿ, ಯಾವುದು ಎಷ್ಟು ದಿನ ತಡೆಯಿತು? ನನಗೆ ಬರೆದು ತಿಳಿಸಿ. ಅಚ್ಚನ್ನು ಕೂತು ತೆಗೆದಿರೋ ನಿಂತು ತೆಗೆದಿರೋ, ಅದನ್ನೂ ಬರೆಯಿರಿ.